ಹೊಲಸು ತಿನ್ನೋ ಬಿಳಿ ಹಕ್ಕಿ: ಶೀತ್‌ಬಿಲ್ ನೋಡಿದವರು ಯಾರಾದ್ರೂ ಇದೀರಾ?

ಹೆಜ್ಜಾರ್ಲೆ:
ಎಲ್ರಿಗೂ ನಮಸ್ಕಾರ. ಜನವರಿಲಿ ಅಂಟಾರ್ಕ್ಟಿಕಾಗೆ ಹೋಗಿ ಬಂದೆ, ರಿಟೈರ್ ಆದ್ಮೇಲೆ ಮಗಳು ಹಠ ಮಾಡಿ ಟಿಕೆಟ್ ಮಾಡಿಸಿದ್ಳು, ಅರ್ಜೆಂಟೀನಾದ ಉಶುವಾಯಾದಿಂದ ಹಡಗು. ಪೆಂಗ್ವಿನ್ ಫೋಟೋ ನೋಡಿ ನೋಡಿ ಮನೆಯವ್ರಿಗೆಲ್ಲಾ ಸಾಕಾಗಿದೆ, ಅದು ಬಿಡಿ. ಪೋರ್ಟ್ ಲಾಕ್ರಾಯ್ ಅಂತ ಒಂದು ಕೊಲ್ಲಿ, ಅಲ್ಲೊಂದು ಪುಟಾಣಿ ದ್ವೀಪದಲ್ಲಿ 1944ರಲ್ಲಿ ಬ್ರಿಟಿಷರು ಕಟ್ಟಿದ ಹಳೇ ಬೇಸು, ಈಗ ಅಲ್ಲಿ ಪೋಸ್ಟ್ ಆಫೀಸ್ ಇದೆ, ಸುತ್ತ ಜೆಂಟೂ ಪೆಂಗ್ವಿನ್‌ಗಳ ಕೇರಿ. ಅಲ್ಲಿ ಒಂದು ಬಿಳಿ ಹಕ್ಕಿ, ಪಾರಿವಾಳಕ್ಕಿಂತ ದಪ್ಪ, ನಡೆಯೋದು ಥೇಟ್ ಕೋಳಿ ಥರ, ಮುಖ ಮಾತ್ರ ಗುಲಾಬಿ ಬಣ್ಣದ ಗಂಟು ಗಂಟು ಚರ್ಮ. ದೂರದಿಂದ ನೋಡಿದ್ರೆ ಮಲ್ಲಿಗೆ ಹೂವಿನಷ್ಟು ಬಿಳಿ, ಹತ್ರ ಬಂದ್ರೆ ಅಯ್ಯೋ ರಾಮ ಅನ್ನಿಸತ್ತೆ.

ಒಂದು ತಾಯಿ ಪೆಂಗ್ವಿನ್ ಬಗ್ಗಿ ಮರಿ ಬಾಯಿಗೆ ಊಟ ಕಕ್ತಾ ಇತ್ತು. ಈ ಹಕ್ಕಿ ಪಕ್ಕದಲ್ಲೇ ನಂಗೇನೂ ಗೊತ್ತಿಲ್ಲಪ್ಪ ಅನ್ನೋ ಹಾಗೆ ಕಲ್ಲು ಕುಕ್ಕಿಕೊಂಡು ಓಡಾಡ್ತಿದ್ದಿದ್ದು ಮರಿ ಬಾಯಿ ತೆರೆದ ತಕ್ಷಣ ರೆಕ್ಕೆ ಬಡಿದು ತಾಯಿ ಎದೆಗೇ ಹಾರ್ತು ನೋಡಿ, ಪೆಂಗ್ವಿನ್ ಗಾಬರಿಯಾಗಿ ಹಿಂದಕ್ಕೆ ವಾಲ್ತು, ಕೆಂಪು ಕ್ರಿಲ್ (ಸಿಗಡಿ ಥರದ ಪುಟ್ಟ ಜೀವಿ) ಗಂಜಿ ಎಲ್ಲಾ ಕಲ್ಲಿನ ಮೇಲೆ ಚೆಲ್ಲಿಹೋಯ್ತು, ಅಷ್ಟರಲ್ಲಿ ಇನ್ನೊಂದು ಬಿಳಿದು ಎಲ್ಲಿಂದ ಬಂತೋ, ಎರಡೂ ಸೇರಿ ನಾಲ್ಕು ಸೆಕೆಂಡಲ್ಲಿ ಗುಡಿಸಿ ಹಾಕಿದ್ವು. ಮರಿ ಬಾಯಿ ತೆರೆದುಕೊಂಡೇ ನಿಂತಿದೆ ಪಾಪ. ಆಮೇಲೆ ಅದೇ ಹಕ್ಕಿ ಹೋಗಿ ಪೆಂಗ್ವಿನ್ ಆಗಷ್ಟೇ ಹಾಕಿದ ಹಿಕ್ಕೆ ತಿಂತು! ಅಲ್ಲಿಂದ ನೇರ ನನ್ನ ಹತ್ರ ಬಂದು ಗಮ್‌ಬೂಟಿನ ತುದಿ ಕುಕ್ಕಿ ನೋಡ್ತು. ಹಕ್ಕಿಜ್ವರದ ಭಯಕ್ಕೆ ಅಲ್ಲಿ ಈಗ ನೆಲದ ಮೇಲೆ ಕೂರೋ ಹಾಗಿಲ್ಲ, ಬ್ಯಾಗ್ ಇಡೋ ಹಾಗಿಲ್ಲ, ಪ್ರಾಣಿಗಳಿಂದ 5 ಮೀಟರ್ ದೂರ ಇರ್ಬೇಕು. ನಾನು ಹಿಂದೆ ಹಿಂದೆ ಸರಿದ್ರೆ ಅದು ಮುಂದೆ ಮುಂದೆ ಬರತ್ತೆ. ರೂಲ್ಸ್ ಅದಕ್ಕೆ ಯಾರೂ ಹೇಳಿಲ್ಲ ಅನ್ಸತ್ತೆ.

ಗೈಡ್ ಶೀತ್‌ಬಿಲ್ ಅಂದ್ರು. ಮೂವತ್ತು ವರ್ಷದಿಂದ ಹಕ್ಕಿ ನೋಡ್ತಿದೀನಿ, ಇಷ್ಟು ನಾಚಿಕೆಗೆಟ್ಟ ಹಕ್ಕಿ ನೋಡಿಲ್ಲ. ಗೊತ್ತಿದ್ದವರು ಹೇಳಿ.

ಕಡಲಕರೆ_ಉಡುಪಿ:
ಬೆಳಿಗ್ಗೆ ಬೆಳಿಗ್ಗೆ ತಿಂಡಿ ತಿಂತಾ ಓದ್ಲಿಕ್ಕೆ ಶುರು ಮಾಡಿದ್ದೆ ಮಾರ್ರೆ. ಇಡ್ಲಿ ಹಾಗೇ ಉಂಟು ಪ್ಲೇಟಲ್ಲಿ.

ಸುಮ್ನೆ_ಓದುಗ:
ಇದು ಹಿಮ ಪೆಟ್ರೆಲ್ ಅಲ್ವಾ ಸರ್? ಅಂಟಾರ್ಕ್ಟಿಕಾದಲ್ಲಿರೋ ನಮ್ಮ ಭಾರತದ ಮೈತ್ರಿ ಸ್ಟೇಷನ್ ಫೋಟೋದಲ್ಲಿ ಬಿಳಿ ಹಕ್ಕಿ ನೋಡಿದ ನೆನಪು.

ಟೇಬಲ್‌ಬೆಟ್ಟ:
ಅಲ್ಲ. ಹಿಮ ಪೆಟ್ರೆಲ್ ಸಮುದ್ರದ ಮೇಲೆ ಹಾರಾಡಿ ಹೊಟ್ಟೆ ತುಂಬಿಸ್ಕೊಳ್ಳೋ ಜಾತಿ, ಕೊಕ್ಕು ಕಾಲು ಎಲ್ಲಾ ಚಿಕ್ಕದು. ಶೀತ್‌ಬಿಲ್ ಗೂಡು ಕಟ್ಟೋದು ಅಂಟಾರ್ಕ್ಟಿಕ್ ಪೆನಿನ್ಸುಲಾ ಕಡೆ ಮತ್ತೆ ಸೌತ್ ಜಾರ್ಜಿಯಾ ಥರದ ದ್ವೀಪಗಳಲ್ಲಿ, ಮೈತ್ರಿ ಇರೋದು ಪೂರ್ವದ ಕಡೆ, ಅಲ್ಲಿ ಕಂಡಿದ್ದೆಲ್ಲಾ ಬಾಚೋ ಕೆಲಸ ಸ್ಕುವಾ ಅನ್ನೋ ಕಂದು ಕಡಲಹಕ್ಕಿಗಳದ್ದು.

ನಾನು ಕೇಪ್‌ಟೌನಲ್ಲಿ ಇರೋದು, ಹದಿನೈದು ವರ್ಷ ಆಯ್ತು. ಶೀತ್‌ಬಿಲ್‌ನಲ್ಲಿ ಇರೋದೇ ಎರಡು ಜಾತಿ. ಹೆಜ್ಜಾರ್ಲೆ ಸರ್ ನೋಡಿದ್ದು ತಿಳಿ ಬಣ್ಣದ ಮುಖದ್ದು, ಚಳಿಗಾಲ ಬಂದ್ರೆ ಅದರಲ್ಲಿ ಬಹಳಷ್ಟು ಉತ್ತರಕ್ಕೆ ಹಾರಿ ಫಾಕ್‌ಲೆಂಡ್, ಅರ್ಜೆಂಟೀನಾ ತೀರ ಸೇರ್ಕೊಳ್ತವೆ. ಇನ್ನೊಂದು ಕರಿಮುಖದ್ದು, ಕೊಕ್ಕೂ ಕಪ್ಪು, ಕಣ್ಣಿನ ಸುತ್ತ ಗುಲಾಬಿ ಬಳೆ. ಅದು ಇಡೀ ಭೂಮಿ ಮೇಲೆ ಇರೋದು ನಾಲ್ಕೇ ಕಡೆ, ಎಲ್ಲಾ ಹಿಂದೂ ಮಹಾಸಾಗರದ ದಕ್ಷಿಣದ ತುದಿಲಿ: ಪ್ರಿನ್ಸ್ ಎಡ್ವರ್ಡ್ ದ್ವೀಪಗಳು (ಮೇರಿಯನ್ ಇದರಲ್ಲೇ ಬರತ್ತೆ), ಕ್ರೋಜೆ, ಕೆರ್ಗೆಲೆನ್, ಹರ್ಡ್. ಒಂದೊಂದು ಕಡೆ ಒಂದೊಂದು ಉಪಜಾತಿ. ಇದು ಚಳಿಗಾಲಕ್ಕೂ ಎಲ್ಲೂ ಹೋಗಲ್ಲ. ಈ "ಎಲ್ಲೂ ಹೋಗಲ್ಲ" ಅನ್ನೋದೇ ಈಗ ಅದಕ್ಕೆ ಕುತ್ತಾಗಿರೋದು, ಟೈಮ್ ಸಿಕ್ಕಾಗ ಬರೀತೀನಿ, ಈಗ ಮೀಟಿಂಗು.

ಧಾರವಾಡ_ಪೇಡೆ:
ಹೆಜ್ಜಾರ್ಲೆ ಸರ, ನಾಚಿಕೆಗೆಟ್ಟದ್ದು ಅಂತ ಯಾಕ ಬೈತೀರಿ, ಹೊಟ್ಟಿಪಾಡು ಅದು. ನಮ್ಮಲ್ಲಿ ಬಿಳಿ ರಣಹದ್ದು ಏನ್ ತಿಂತೈತ್ರಿ? ಸತ್ತ ದನಾನೂ ತಿಂತೈತಿ, ಸಗಣಿನೂ ತಿಂತೈತಿ. ಅದರ ಮುಖ ಹಳದಿ ಆಗೂದ ಸಗಣ್ಯಾಗಿನ ಬಣ್ಣದಿಂದ ಅಂತ ವಿಜ್ಞಾನಿಗಳು ಹೇಳ್ಯಾರ. ರಾಮನಗರದ ಬೆಟ್ಟದಾಗ ಅದನ್ನ ನೋಡಾಕ ಕ್ಯಾಮೆರಾ ಹೊತ್ಕೊಂಡು ಹೋಗ್ತೀವಿ, ಇದಕ್ಕ ಮಾತ್ರ ಹೊಲಸು ಅಂತೀವಿ.

ಹೆಜ್ಜಾರ್ಲೆ:
ಹೌದಲ್ವಾ, ಅದು ನಿಜ. ರಾಮದೇವರ ಬೆಟ್ಟದಲ್ಲಿ ನಾನೇ ಎರಡು ಸಲ ಕಾದು ಕೂತಿದೀನಿ.

ಗುಬ್ಬಿ_ಮೇಷ್ಟ್ರು:
ಶೀತ್ ಅಂದ್ರೆ ಏನು? ಶೀತ ಅಂತ ಓದಿ ಚಳಿ ಹಕ್ಕಿ ಅನ್ಕೊಂಡೆ 😄

ಟೇಬಲ್‌ಬೆಟ್ಟ:
ಹ್ಹ ಹ್ಹ, ಅರ್ಥ ಕೂಡತ್ತೆ ಮೇಷ್ಟ್ರೆ, ಆದ್ರೆ ಅಲ್ಲ. ಕತ್ತಿಗೆ ಒರೆ ಇರತ್ತಲ್ಲ ಆ ಒರೆ. ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆ ಮೇಲೆ ಉಗುರಿನಂಥ ಗಟ್ಟಿ ಹೊದಿಕೆ ಇದೆ, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ. ಅದಕ್ಕೇ ಆ ಹೆಸರು. ಫ್ರೆಂಚಲ್ಲೂ ಒರೆಯೊಳಗಿನ ಕೊಕ್ಕು ಅಂತ್ಲೇ ಅರ್ಥ. ಸ್ಪ್ಯಾನಿಷಲ್ಲಿ ಮಾತ್ರ ಅಂಟಾರ್ಕ್ಟಿಕ್ ಪಾರಿವಾಳ ಅಂತಾರೆ. ಹಳೇ ಹಡಗಿನವರು ಪ್ಯಾಡಿ ಅಂತಿದ್ರು.

ಕಡಲಕರೆ_ಉಡುಪಿ:
ಪ್ಯಾಡಿ ಅಂದ್ರೆ ನಮಗೆ ಭತ್ತ ಅಲ್ವಾ. ಭತ್ತ ಬಿಟ್ಟು ಬಾಕಿ ಎಲ್ಲಾ ತಿನ್ನುವ ಪ್ಯಾಡಿ 🤣

ಗುಬ್ಬಿ_ಮೇಷ್ಟ್ರು:
ಹಾಗಾದ್ರೆ "ಒರೆಗೊಕ್ಕು" ಅಂದ್ರೆ ಹೇಗೆ? ಓಪನ್‌ಬಿಲ್‌ಗೆ ನಮ್ಮೋರು ಬಾಯ್ಕಳಕ ಅಂತ ಎಷ್ಟು ಚೆಂದ ಇಟ್ಟಿದಾರೆ, ನೋಡಿದ್ದನ್ನ ಹಾಗೇ ಹೇಳೋದು. ಮಕ್ಕಳಿಗೆ ಶೀತ್‌ಬಿಲ್ ಅಂದ್ರೆ ಮರುದಿನ ಮರೆತು ಹೋಗಿರತ್ತೆ, ಒರೆಗೊಕ್ಕು ಅಂದ್ರೆ ಚಿತ್ರನೇ ಬಿಡಿಸಿಬಿಡ್ತಾವೆ.

ಧಾರವಾಡ_ಪೇಡೆ:
ಭಾಳ ಚಲೋ ಐತ್ರಿ. ಇನ್ನ ಮ್ಯಾಲ ನಾನು ಒರೆಗೊಕ್ಕು ಅಂತನ ಬರೆಯಾಂವ.

ಹೆಜ್ಜಾರ್ಲೆ:
ಒಪ್ಪಿದೆ. ಇನ್ನೊಂದು ಪ್ರಶ್ನೆ, ಕಾಲು ನೋಡಿದ್ರಾ ಫೋಟೋದಲ್ಲಿ? ಬಾತುಕೋಳಿ ಥರ ಬೆರಳ ಮಧ್ಯೆ ಚರ್ಮ ಇಲ್ಲ. ಸುತ್ತ ಸಮುದ್ರ ಇಟ್ಕೊಂಡು ಈಜೋ ಕಾಲೇ ಇಲ್ದೆ ಇದು ಹೆಂಗೆ ಬದುಕತ್ತೆ?

ಟೇಬಲ್‌ಬೆಟ್ಟ:
ಸರ್ ಕರೆಕ್ಟ್ ಜಾಗಕ್ಕೆ ಬಂದ್ರಿ. ಅಲ್ಲಿ ಗೂಡು ಕಟ್ಟೋ ಕಡಲ ಕಡೆಯ ಹಕ್ಕಿಗಳಲ್ಲಿ ಕಾಲಿಗೆ ಜಾಲಪಾದ ಇಲ್ಲದ್ದು ಇದೊಂದೇ ಕುಟುಂಬ. ಪೆಂಗ್ವಿನ್, ಪೆಟ್ರೆಲ್, ಆಲ್ಬಟ್ರಾಸ್ ಎಲ್ಲಾ ಸಮುದ್ರಕ್ಕೆ ಹೋಗಿ ದುಡಿದು ತರ್ತವೆ, ಇದು ದಡದಲ್ಲಿ ಕೂತು ಅವು ತಂದಿದ್ದರಲ್ಲಿ ಪಾಲು ಕೀಳತ್ತೆ. ಕ್ರಿಲ್ ಬೇಕು ಅಂದ್ರೆ ಪೆಂಗ್ವಿನ್ ಬಾಯಿಂದ ಬೀಳ್ಬೇಕು. ಸೀಲ್ ಮರಿ ಹಾಕಿದ್ರೆ ಮಾಸು ತಿನ್ನತ್ತೆ, ಆನೆ ಸೀಲ್ ಮರಿಗೆ ಹಾಲು ಕುಡಿಸ್ತಿದ್ರೆ ಸೋರಿದ್ದು ಕುಡಿಯತ್ತೆ, ಗಾಯದ ಹೊಪ್ಪಳೆ ಸಹ ಬಿಡಲ್ಲ. ಕಾವಲಿಲ್ಲದ ಮೊಟ್ಟೆ, ಬಡಕಲು ಮರಿ, ಅಲೆ ಇಳಿದಾಗ ಬಂಡೆಗೆ ಅಂಟಿರೋ ಪಾಚಿ, ಚಿಪ್ಪಿನ ಹುಳ ಎಲ್ಲಾ ಆಗತ್ತೆ. ಬೇಸಿಗೆಲಿ ಒಂದೊಂದು ಜೋಡಿ ಪೆಂಗ್ವಿನ್ ಕೇರಿಲಿ ಇಷ್ಟು ಜಾಗ ನಮ್ದು ಅಂತ ಗಡಿ ಹಾಕ್ಕೊಂಡು ಬೇರೆ ಜೋಡಿನ ಓಡಿಸತ್ತೆ. ಅವುಗಳ ರೆಕ್ಕೆ ಮಡಿಕೆ ಹತ್ರ ಮೊಂಡು ಮುಳ್ಳು ಇರತ್ತೆ, ಜಗಳಕ್ಕೆ ಇಳಿದ್ರೆ ಅದರಲ್ಲೇ ಏಟು. ಹಾರೋದು ಬರತ್ತೆ, ಆದ್ರೆ ಸೋಮಾರಿ, ಸಾಧ್ಯ ಆದಷ್ಟು ನಡ್ಕೊಂಡೇ ಓಡಾಡ್ತವೆ.

1970ರ ದಶಕದಲ್ಲಿ ಅಲನ್ ಬರ್ಗರ್ ಅಂತ ಒಬ್ರು ಮೇರಿಯನ್‌ನಲ್ಲಿ ಕೂತು ಕರಿಮುಖದ ಒರೆಗೊಕ್ಕುಗಳನ್ನೇ ಅಭ್ಯಾಸ ಮಾಡಿದ್ರು, ದಿನದಲ್ಲಿ ಎಷ್ಟು ಹೊತ್ತು ಏನು ಮಾಡ್ತವೆ, ಎಷ್ಟು ಕದೀತವೆ ಎಲ್ಲಾ ಲೆಕ್ಕ ಹಾಕಿ. ಎಲ್ರೂ ಆಲ್ಬಟ್ರಾಸ್ ಹಿಂದೆ ಬಿದ್ದಿರೋ ಜಾಗದಲ್ಲಿ ಹಿಕ್ಕೆ ತಿನ್ನೋ ಹಕ್ಕಿ ಹಿಂದೆ ಹೋಗೋದು ಅಂದ್ರೆ ಸುಮ್ನೆ ಅಲ್ಲ.

ಹೆಜ್ಜಾರ್ಲೆ:
ಇನ್ನೊಂದು ಸೇರಿಸ್ತೀನಿ, ನಿನ್ನೆ ರಾತ್ರಿ ಕೂತು ಓದಿದ್ದು. ಒರೆಗೊಕ್ಕಿಗೆ ಹತ್ತಿರದ ನೆಂಟರು ಪಾರಿವಾಳ ಕೋಳಿ ಯಾವುದೂ ಅಲ್ಲವಂತೆ. ಮೊದಲನೆಯದು ದಕ್ಷಿಣ ಅಮೆರಿಕದ ತುದಿಲಿ ಇರೋ ಮೆಜಲಾನಿಕ್ ಪ್ಲೋವರ್ ಅನ್ನೋ ಪುಟ್ಟ ಹಕ್ಕಿ, ಆಮೇಲೆ ಥಿಕ್ ನೀ ಗುಂಪು. ಥಿಕ್ ನೀ ಅಂದ್ರೆ ನಮ್ಮ ರಂಗನತಿಟ್ಟಲ್ಲಿ ನೀರಿನ ಮಧ್ಯದ ಬಂಡೆ ಮೇಲೆ ದೊಡ್ಡ ಕಣ್ಣು ಬಿಟ್ಕೊಂಡು ಅಲ್ಲಾಡದೆ ನಿಂತಿರತ್ತಲ್ಲ, ಅದೇ! ದೋಣಿಯವನು ತೋರಿಸಿದ್ರೂ ಎಷ್ಟೋ ಜನಕ್ಕೆ ಕಾಣಲ್ಲ, ಅಷ್ಟು ಗಂಭೀರ ಪ್ರಾಣಿ. ಅದರ ದಾಯಾದಿ ಇಷ್ಟು ಪೋಲಿ ಆಗಿದ್ದು ಹೇಗೋ.

ಕಡಲಕರೆ_ಉಡುಪಿ:
ಎಲ್ಲಾ ಕುಟುಂಬದಲ್ಲೂ ಒಬ್ಬ ಇರ್ತಾನೆ ಮಾರ್ರೆ.

ಸುಮ್ನೆ_ಓದುಗ:
ಟೇಬಲ್‌ಬೆಟ್ಟ ಸರ್, ಕುತ್ತು ಅಂದ್ರಲ್ಲ ಮೊದಲು, ಅದೇನು?

ಟೇಬಲ್‌ಬೆಟ್ಟ:
ಇವತ್ತು ಶನಿವಾರ, ಕೂತು ಬರೀತೀನಿ. ಉದ್ದ ಆಗತ್ತೆ, ಬೈಬೇಡಿ.

ಮೇರಿಯನ್ ದ್ವೀಪ ಇಲ್ಲಿ ಕೇಪ್‌ಟೌನಿಂದ ಆಗ್ನೇಯಕ್ಕೆ ಸುಮಾರು 2000 ಕಿ.ಮೀ., ಹಡಗಲ್ಲಿ ನಾಲ್ಕೈದು ದಿನ. 290 ಚದರ ಕಿ.ಮೀ. ಜಾಗ, ಮರ ಅನ್ನೋದೇ ಇಲ್ಲ, ಪಾಚಿ ಹುಲ್ಲು ಜೌಗು ಲಾವಾ ಬಂಡೆ, ವರ್ಷ ಪೂರ್ತಿ ಗಾಳಿ. 1947-48ರಲ್ಲಿ ದಕ್ಷಿಣ ಆಫ್ರಿಕಾ ಅದನ್ನ ತನ್ನದು ಅಂತ ಮಾಡ್ಕೊಂಡು ಹವಾಮಾನ ಕೇಂದ್ರ ಕಟ್ತು. ಟೂರಿಸ್ಟ್‌ಗಳಿಗೆ ಪ್ರವೇಶ ಇಲ್ಲ. ವರ್ಷಕ್ಕೊಂದು ಸಲ ಏಪ್ರಿಲ್ ಆಸುಪಾಸು ಇಲ್ಲಿನ ಬಂದರಿಂದ ಎಸ್.ಎ. ಅಗುಲಸ್ 2 ಅನ್ನೋ ಕೆಂಪು ಹಡಗು ಹೋಗಿ ಹೊಸ ತಂಡ ಇಳಿಸಿ ಹಳೇ ತಂಡ ಕರ್ಕೊಂಡು ಬರತ್ತೆ. ನಮ್ಮ ಬಿಲ್ಡಿಂಗಲ್ಲೇ ಹಾಗೆ ಒಂದು ವರ್ಷ ಅಲ್ಲಿದ್ದು ಬಂದ ಹುಡುಗ ಒಬ್ಬ ಇದಾನೆ, ಅವನ ಹತ್ರ ಕೇಳಿದ್ದೂ ಓದಿದ್ದೂ ಸೇರಿಸಿ ಹೇಳ್ತಿದೀನಿ.

ಇನ್ನೂರು ವರ್ಷದ ಹಿಂದೆ ಸೀಲ್ ಬೇಟೆಗೆ ಬಂದವರ ಹಡಗಿಂದ ಸುಂಡಿಲಿ ಇಳಿದುಬಿಟ್ವು. ಕೇಂದ್ರದವರು ಇಲಿ ಕಾಟಕ್ಕೆ 1949ರಲ್ಲಿ ಐದು ಬೆಕ್ಕು ತಂದ್ರು. ಐದೇ ಐದು. 1977ರ ಹೊತ್ತಿಗೆ ಅವು ಸುಮಾರು 3400 ಆಗಿದ್ವು, ಇಲಿ ಬಿಟ್ಟು ನೆಲದಲ್ಲಿ ಬಿಲ ತೋಡೋ ಪೆಟ್ರೆಲ್ ಹಕ್ಕಿಗಳನ್ನ ವರ್ಷಕ್ಕೆ ನಾಲ್ಕೂವರೆ ಲಕ್ಷದಷ್ಟು ತಿಂತಿದ್ವು. ಆಮೇಲೆ ಬೆಕ್ಕಿಗೆ ರೋಗದ ವೈರಸ್ ಬಿಟ್ಟು, ರಾತ್ರಿ ಟಾರ್ಚ್ ಹಿಡಿದು ಗುಂಡು ಹೊಡೆದು, ಬೋನು ಇಟ್ಟು ಅಂತೂ 1991ಕ್ಕೆ ಕೊನೇ ಬೆಕ್ಕು ಹೋಯ್ತು.

ಉಳಿದಿದ್ದು ಇಲಿ. ಚಳಿ ಕಡಿಮೆ ಆಗ್ತಾ ಬಂದ ಹಾಗೆ ಅವು ಮರಿ ಹಾಕೋ ತಿಂಗಳು ಜಾಸ್ತಿ ಆದ್ವು, ನೆಲದಲ್ಲಿರೋ ಹುಳ ಹುಪ್ಪಟೆ, ಹಾರೋಕೆ ಬಾರದ ಪತಂಗದ ಮರಿಹುಳು ಎಲ್ಲಾ ತಿಂದು ಖಾಲಿ ಮಾಡಿದ್ವು. ಆಮೇಲೆ ಆಲ್ಬಟ್ರಾಸ್ ಮರಿ. 2003ರಲ್ಲಿ ಮೊದಲು ಕಂಡಿದ್ದು, ಗೂಡಲ್ಲಿ ಕೂತ ಮರಿನ ರಾತ್ರಿ ಹೊತ್ತು ಜೀವಂತ ಕೆರೆದು ತಿನ್ನೋದು. 2023ರಲ್ಲಿ ದೊಡ್ಡ ಆಲ್ಬಟ್ರಾಸ್‌ಗಳೇ ಸತ್ತು ಸಿಕ್ಕಿದ್ವು. ಮೂರು ಮೀಟರ್ ರೆಕ್ಕೆಯ ಹಕ್ಕಿ, ಅಂಗೈಲಿ ಕೂರೋ ಇಲಿ. ಇಲಿ ಕಂಡ್ರೆ ಏನು ಮಾಡ್ಬೇಕು ಅಂತ ಅದಕ್ಕೆ ಗೊತ್ತೇ ಇಲ್ಲ, ಸುಮ್ನೆ ಕೂತಿರತ್ತಂತೆ. ಜಗತ್ತಿನ ಅಲೆಮಾರಿ ಆಲ್ಬಟ್ರಾಸ್‌ಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ಗೂಡು ಕಟ್ಟೋದು ಅಲ್ಲೇ.

ಹಾಗಾಗಿ ಈಗ ಹೆಲಿಕಾಪ್ಟರಿಂದ ಇಡೀ ದ್ವೀಪಕ್ಕೆ, ಒಂದು ಮೂಲೆ ಬಿಡದೆ, 600 ಟನ್‌ನಷ್ಟು ಇಲಿ ಪಾಷಾಣದ ಗುಳಿಗೆ ಉದುರಿಸೋ ಪ್ಲಾನು. ದುಡ್ಡು ಹೊಂದಿಸ್ತಾ ಇದಾರೆ, ದಿನಾಂಕ ಮುಂದೆ ಮುಂದೆ ಹೋಗ್ತಿದೆ. ಹಾಕೋದು ಚಳಿಗಾಲದಲ್ಲಿ, ಯಾಕಂದ್ರೆ ಆಗ ಇಲಿ ಹಸಿದಿರತ್ತೆ, ಹಕ್ಕಿಗಳಲ್ಲಿ ಹೆಚ್ಚಿನವು ಸಮುದ್ರಕ್ಕೆ ಹೋಗಿರ್ತವೆ.

ಈಗ ಯೋಚನೆ ಮಾಡಿ, ಆಗ ದ್ವೀಪದಲ್ಲೇ ಇರೋದು ಯಾರು? ಹಸಿದಿರೋದು ಯಾರು? ಹೊಸ ವಸ್ತು ಏನು ಕಂಡ್ರೂ ಮೊದಲು ಕುಕ್ಕಿ ನೋಡೋದು ಯಾರು?

ಹೆಜ್ಜಾರ್ಲೆ:
ಅಯ್ಯೋ. ನನ್ನ ಬೂಟು ಕುಕ್ಕಿದ್ದು ನೆನಪಾಯ್ತು.

ವೆಟ್_ಅಕ್ಕ:
ಇಷ್ಟು ದಿನ ಓದ್ತಾ ಮಾತ್ರ ಇದ್ದೆ, ಇದು ನನ್ನ ಕೆಲಸದ ವಿಷಯ ಆದ್ರಿಂದ ಬರೀತೀನಿ. ಹಾಕೋದು ಬ್ರೋಡಿಫಾಕಮ್ ಇರ್ಬೇಕು ಅಲ್ವಾ. ಅದು ರಕ್ತ ಹೆಪ್ಪುಗಟ್ಟೋದನ್ನ ನಿಲ್ಲಿಸೋ ವಿಷ. ತಿಂದ ತಕ್ಷಣ ಏನೂ ಆಗಲ್ಲ, ಕೆಲವು ದಿನ ಆದ್ಮೇಲೆ ಒಳಗೊಳಗೇ ರಕ್ತ ಸೋರಿ ಸಾಯೋದು. ಹಾಗೆ ನಿಧಾನಕ್ಕೆ ಆಗೋದ್ರಿಂದಲೇ ಇಲಿಗೆ ಅನುಮಾನ ಬರಲ್ಲ, ಮತ್ತೆ ಮತ್ತೆ ತಿನ್ನತ್ತೆ. ನಮ್ಮ ಕ್ಲಿನಿಕ್ಕಿಗೆ ಪಾಷಾಣ ತಿಂದ ಇಲಿ ತಿಂದ ನಾಯಿ ಬರ್ತಾನೇ ಇರ್ತವೆ, ಒಸಡು ಬಿಳಿಚಿಕೊಂಡು, ಸೂಜಿ ಚುಚ್ಚಿದ ಕಡೆ ರಕ್ತ ನಿಲ್ಲದೆ. ಬೇಗ ತಂದ್ರೆ ವಿಟಮಿನ್ ಕೆ1 ಕೊಟ್ಟು ವಾರಗಟ್ಟಲೆ ನೋಡ್ಕೊಂಡು ಉಳಿಸಬಹುದು. ಕಾಡುಹಕ್ಕಿಗೆ ಯಾರು ಕೊಡ್ತಾರೆ? ಈ ವಿಷ ಲಿವರಲ್ಲಿ ತಿಂಗಳುಗಟ್ಟಲೆ ಉಳಿಯತ್ತೆ ಬೇರೆ. ಒರೆಗೊಕ್ಕು ಗುಳಿಗೆನೂ ತಿನ್ನತ್ತೆ, ಸತ್ತ ಇಲಿನೂ ತಿನ್ನತ್ತೆ, ಅಂದ್ರೆ ಎರಡು ದಾರಿಲಿ ವಿಷ ಹೋಗತ್ತೆ.

ಧಾರವಾಡ_ಪೇಡೆ:
ಹಂಗಾದ್ರ ಈ ಕೆಲಸ ಯಾಕ ಮಾಡ್ಬೇಕ್ರಿ? ಮನುಷ್ಯಾ ಮೊದಲು ಇಲಿ ತಂದ, ಆಮ್ಯಾಲ ಬೆಕ್ಕು ತಂದ, ಆಮ್ಯಾಲ ರೋಗ ತಂದ, ಈಗ ವಿಷ ತರ್ತಾನ. ಪ್ರತಿ ಸಲನೂ ಹಿಂದಿನ ತಪ್ಪು ಸರಿ ಮಾಡಾಕ ಬಂದೀನಿ ಅಂತಾನ. ಆ ಹಕ್ಕಿ ಪಾಪ ಯಾರ ತಂಟೆಗೆ ಹೋಗೈತಿ?

ಕಡಲಕರೆ_ಉಡುಪಿ:
ಪೆಂಗ್ವಿನ್ ತಂಟೆಗೆ ಹೋಗಿದೆ ಅಲ್ವಾ.

ಧಾರವಾಡ_ಪೇಡೆ:
ಅದು ಅವರವರ ನಡುವಿನ ವ್ಯವಹಾರ, ನಿಮಗ್ಯಾಕ್ರಿ 😀

ಟೇಬಲ್‌ಬೆಟ್ಟ:
ಪೇಡೆ ಅವರ ಸಿಟ್ಟು ಅರ್ಥ ಆಗತ್ತೆ, ನಂಗೂ ಮೊದಲು ಹಾಗೇ ಅನ್ಸಿತ್ತು. ಆದ್ರೆ ಇಲಿ ಇರೋದ್ರಿಂದ ಒರೆಗೊಕ್ಕಿಗೂ ನಷ್ಟನೇ ಆಗ್ತಿದೆ. ಚಳಿಗಾಲದಲ್ಲಿ ರಾಕ್‌ಹಾಪರ್, ಮೆಕರೋನಿ ಪೆಂಗ್ವಿನ್‌ಗಳು ಸಮುದ್ರಕ್ಕೆ ಹೋಗಿಬಿಡ್ತವೆ, ಕೇರಿ ಪೂರ್ತಿ ಖಾಲಿ. ಕಿಂಗ್ ಪೆಂಗ್ವಿನ್ ಮರಿಗಳು ಮಾತ್ರ ಇಡೀ ಚಳಿಗಾಲ ದಡದಲ್ಲೇ ಇರ್ತವೆ, ಅಲ್ಲಿ ಜಾಗ ಸಿಕ್ಕ ಒರೆಗೊಕ್ಕುಗಳು ಬಚಾವ್. ಉಳಿದವು ಜೌಗು ಬಯಲಿಗೆ ಬಂದು ಹುಳ ಹೆಕ್ಕಿ ತಿಂದು ದಿನ ದೂಡ್ಬೇಕು. ಆ ಹುಳಗಳನ್ನೇ ಇಲಿ ಖಾಲಿ ಮಾಡಿರೋದು. 2000ನೇ ಇಸವಿಯ ಒಂದು ಅಧ್ಯಯನದಲ್ಲಿ ಮೇರಿಯನ್‌ನಲ್ಲಿ ಇವುಗಳ ಸಂಖ್ಯೆ ಯಾಕೆ ಇಳೀತಿದೆ ಅಂತ ನೋಡಿ ಇಲಿ ಕಡೆಗೇ ಬೊಟ್ಟು ಮಾಡಿದಾರೆ. ಪಕ್ಕದಲ್ಲೇ, ಸುಮಾರು 20 ಕಿ.ಮೀ. ಆಚೆ, ಪ್ರಿನ್ಸ್ ಎಡ್ವರ್ಡ್ ದ್ವೀಪ ಇದೆ, ಅಲ್ಲಿಗೆ ಇಲಿನೂ ಬಂದಿಲ್ಲ ಬೆಕ್ಕೂ ಬಂದಿಲ್ಲ. ಅಲ್ಲಿ ನೆಲ ಕೆದಕಿದ್ರೆ ಹುಳ ಇನ್ನೂ ಇದೆ.

ಹಾಗಾಗಿ ಏನೂ ಮಾಡದೆ ಸುಮ್ನಿದ್ರೆ ಇವು ನಿಧಾನಕ್ಕೆ ಕಡಿಮೆ ಆಗ್ತವೆ, ವಿಷ ಹಾಕಿದ್ರೆ ಒಂದೇ ಚಳಿಗಾಲದಲ್ಲಿ ಬಹಳ ಸಾಯ್ತವೆ, ಆದ್ರೆ ಉಳಿದವಕ್ಕೆ ಮುಂದೆ ಊಟ ಇರತ್ತೆ. ಅದಕ್ಕೆ ಮೊದಲೇ ಒಂದಷ್ಟನ್ನ ಹಿಡಿದು ಬೋನಲ್ಲಿ ಸಾಕಿ, ಗುಳಿಗೆ ಎಲ್ಲಾ ಕರಗಿದ ಮೇಲೆ ಬಿಡೋದು ಅನ್ನೋ ಯೋಚನೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ಗೋಫ್ ದ್ವೀಪದಲ್ಲಿ 2021ರಲ್ಲಿ ಹೀಗೇ ಅಲ್ಲಿನ ನೀರುಕೋಳಿ ಮತ್ತೆ ಬಂಟಿಂಗ್ ಹಕ್ಕಿಗಳನ್ನ ಇಟ್ಕೊಂಡಿದ್ರು. ಅಲ್ಲಿ ದುರಂತ ಏನಂದ್ರೆ ಹಕ್ಕಿ ಬಚಾವಾದ್ವು, ಆದ್ರೆ ಅದೇ ಡಿಸೆಂಬರಲ್ಲಿ ಕ್ಯಾಮೆರಾದಲ್ಲಿ ಒಂದು ಇಲಿ ಕಾಣಿಸ್ತು. ಅಷ್ಟು ಖರ್ಚು, ಅಷ್ಟು ಕಷ್ಟ, ಮತ್ತೆ ಇಲಿ. ಸೌತ್ ಜಾರ್ಜಿಯಾದಲ್ಲಿ ಮಾತ್ರ ಗೆದ್ರು, 2011ರಿಂದ 2015ರವರೆಗೆ ಮೂರು ಸಲ ಹಾಕಿ 2018ರಲ್ಲಿ ಹೆಗ್ಗಣ ಇಲ್ಲ ಅಂತ ಘೋಷಿಸಿದ್ರು. ಅಲ್ಲೂ ತಿಳಿ ಬಣ್ಣದ ಮುಖದ ಒರೆಗೊಕ್ಕುಗಳು ಗುಳಿಗೆ ತಿಂದು ಸತ್ತಿದ್ವು.

ವೆಟ್_ಅಕ್ಕ:
ಬೋನಲ್ಲಿ ಇಡೋದು ಕೂಡ ಅಂದ್ಕೊಂಡಷ್ಟು ಸುಲಭ ಅಲ್ಲ ಅಣ್ಣ. ತಣ್ಣಗಿನ ಶುದ್ಧ ಗಾಳಿಲಿ ಬೆಳೆದ ಹಕ್ಕಿನ ಮುಚ್ಚಿದ ಜಾಗದಲ್ಲಿ ಇಟ್ರೆ ಬೂಷ್ಟು ಶ್ವಾಸಕೋಶಕ್ಕೆ ಹೋಗತ್ತೆ, ಗಟ್ಟಿ ನೆಲದಲ್ಲಿ ನಿಂತು ನಿಂತು ಅಂಗಾಲು ಹುಣ್ಣಾಗತ್ತೆ. ಇದೋ ಗಡಿಗಾಗಿ ಜಗಳ ಆಡೋ ಜಾತಿ, ಒಟ್ಟಿಗೆ ಹಾಕಿದ್ರೆ ಹೊಡೆದಾಡ್ಕೊಳ್ತವೆ. ಒಂದು ಅನುಕೂಲ ಮಾತ್ರ ಇದೆ: ಊಟಕ್ಕೆ ತಕರಾರು ಮಾಡಲ್ಲ 😄 ಕಾಡುಹಕ್ಕಿ ಸಾಕೋದ್ರಲ್ಲಿ ಅರ್ಧ ತಲೆನೋವು ಅದೇ, ಕೊಟ್ಟಿದ್ದು ಮುಟ್ಟದೆ ಉಪವಾಸ ಬಿದ್ದು ಸಾಯೋದು. ಇದು ಬಕೆಟ್ ಸಮೇತ ತಿನ್ನತ್ತೆ ಅನ್ಸತ್ತೆ.

ಟೇಬಲ್‌ಬೆಟ್ಟ:
ಅಕ್ಕ ಅದು ನೂರಕ್ಕೆ ನೂರು ನಿಜ. ನಮ್ಮ ಬಿಲ್ಡಿಂಗ್ ಹುಡುಗ ಹೇಳ್ತಿದ್ದ, ಕೆಲಸ ಮಾಡ್ತಾ ಪೆನ್ಸಿಲ್ ಕೆಳಗಿಟ್ರೆ ಮುಗೀತು, ಗ್ಲೌಸ್ ಇಟ್ರೆ ಮುಗೀತು, ಎಳ್ಕೊಂಡು ಹೋಗ್ತವೆ. ಬಂಡೆ ಸಂದಿಲಿ ಅವುಗಳ ಗೂಡು ಇಣುಕಿದ್ರೆ ಮೂಳೆ, ಗರಿ, ಪಾಚಿ, ಚಿಪ್ಪು, ಎಲ್ಲಾ ಗುಡ್ಡೆ. ಅದರ ಮಧ್ಯೆ ಎರಡು ಮೂರು ಚುಕ್ಕಿ ಚುಕ್ಕಿ ಮೊಟ್ಟೆ. ಅವನು ಹೇಳಿದ ಒಂದು ಮಾತು ತಲೇಲಿ ಉಳಿದಿದೆ, ಜೂನ್ ತಿಂಗಳಲ್ಲಿ, ಅಲ್ಲಿ ಆಗ ಚಳಿಗಾಲ, ಮಂಜು ಬಿದ್ದಾಗ ಹೊರಗೆ ಓಡಾಡೋಕೆ ಹೋದ್ರೆ ಬೇರೆ ಯಾವ ಪ್ರಾಣಿನೂ ಕಾಣ್ತಿರ್ಲಿಲ್ಲ, ಇದೊಂದು ಮಾತ್ರ ಹಿಂದೆ ಹಿಂದೆ ನಡ್ಕೊಂಡು ಬರ್ತಿತ್ತಂತೆ, ಹೆಜ್ಜೆ ಇಟ್ಟು ಮಗುಚಿದ ಮಣ್ಣಲ್ಲಿ ಹುಳ ಏನಾದ್ರೂ ಸಿಗತ್ತಾ ಅಂತ.

ಧಾರವಾಡ_ಪೇಡೆ:
ಹೂಂ. ಇಲಿ ವಿಷಯದಾಗ ನನ್ನ ಮಾತು ಅರ್ಧ ಹಿಂದಕ್ಕ ತಗೋತೀನಿ. ಇನ್ನರ್ಧ ಹಂಗ ಇರ್ಲಿ.

ಸುಮ್ನೆ_ಓದುಗ:
ಹಕ್ಕಿಜ್ವರ ಅಲ್ಲಿಗೂ ಹೋಗಿದ್ಯಾ?

ಟೇಬಲ್‌ಬೆಟ್ಟ:
ಹೋಗಿದೆ. 2023ರ ಅಕ್ಟೋಬರಲ್ಲಿ ಸೌತ್ ಜಾರ್ಜಿಯಾಗೆ ಬಂತು, ಮೊದಲು ಸ್ಕುವಾಗಳಲ್ಲಿ. 2024ರಲ್ಲಿ ಮೇರಿಯನ್‌ಗೆ, ಕ್ರೋಜೆ ಕೆರ್ಗೆಲೆನ್‌ಗೂ. ಸತ್ತದ್ದನ್ನ ತಿನ್ನೋ ಹಕ್ಕಿಗೆ ಅದರಿಂದ ಅಪಾಯ ಜಾಸ್ತಿ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಗುಬ್ಬಿ_ಮೇಷ್ಟ್ರು:
ನಿನ್ನೆ ಏಳನೇ ಕ್ಲಾಸಿಗೆ ಈ ಕತೆ ಹೇಳಿದೆ, ಐದು ಬೆಕ್ಕು 3400 ಆಗಿದ್ದು ಅಂದಾಗ ಲೆಕ್ಕದ ಪೀರಿಯಡ್ಡೇ ಆಗಿಹೋಯ್ತು. ಎಲ್ರೂ ಒರೆಗೊಕ್ಕು ಚಿತ್ರ ಬಿಡಿಸಿದ್ರು. ಒಬ್ಳು ಹುಡುಗಿ ಹಕ್ಕಿ ಸೊಂಟಕ್ಕೆ ನಿಜವಾದ ಕತ್ತಿ ಒರೆ ಕಟ್ಟಿದಾಳೆ, ಪೆಂಗ್ವಿನ್ ಕೈ ಎತ್ತಿ ನಿಂತಿದೆ, ಕೆಳಗೆ "ಕ್ರಿಲ್ ಕೊಡು" ಅಂತ ಬರೆದಿದಾಳೆ. ಹತ್ತಕ್ಕೆ ಹತ್ತು ಕೊಟ್ಟೆ.

ಹೆಜ್ಜಾರ್ಲೆ:
ಮೇಷ್ಟ್ರೆ ಆ ಚಿತ್ರ ಇಲ್ಲಿ ಹಾಕಿ ದಯವಿಟ್ಟು! ನಾನು ನಿನ್ನೆ ಕೂತು ಫೋಟೋಗಳನ್ನ ಮತ್ತೆ ನೋಡ್ದೆ. ಪೆಂಗ್ವಿನ್ ಅಂತ ತೆಗೆದಿದ್ದರಲ್ಲಿ ಹನ್ನೊಂದರಲ್ಲಿ ಒರೆಗೊಕ್ಕು ಮೂಲೇಲಿ ಬಂದಿದೆ, ಆಗ ಗಮನಿಸೇ ಇರ್ಲಿಲ್ಲ. ಒಂದರಲ್ಲಿ ಪೋಸ್ಟ್ ಆಫೀಸ್ ಮೆಟ್ಟಿಲ ಪಕ್ಕ ಒಂಟಿ ಕಾಲಲ್ಲಿ ನಿಂತಿದೆ, ಇನ್ನೊಂದು ಕಾಲು ಹೊಟ್ಟೆಯ ಗರಿಯೊಳಗೆ, ಎದೆ ಮೇಲೆ ಒಂದು ಚೂರು ಕೆಂಪು ಕಲೆ, ಕ್ರಿಲ್‌ದೇ ಇರ್ಬೇಕು. ಥ್ರೆಡ್ಡಿನ ಹೆಸರಲ್ಲಿ "ಹೊಲಸು" ಅನ್ನೋದು ತೆಗೀಬೇಕಿತ್ತು, ಎಡಿಟ್ ಬಟನ್ ಬರ್ತಿಲ್ಲ, ಅಡ್ಮಿನ್ ಯಾರಾದ್ರೂ ಇದ್ರೆ ನೋಡಿ.

ಕಡಲಕರೆ_ಉಡುಪಿ:
ತೆಗೀಬೇಡಿ ಮಾರ್ರೆ, ಆ ಹೆಸರು ನೋಡಿಯೇ ನಾನು ಒಳಗೆ ಬಂದದ್ದು.